ಇಳೀರಿ, ಗ್ಯಾಸ್ ತುಂಬಬೇಕು

ನನ್ನ ಬಾಯಿಂದ ಅತಿ ಹೆಚ್ಚು ಸಲ ಬಂದ ಮಾತು ಯಾವುದೆಂದು ಯಾರಾದರೂ ಕೇಳಿದರೆ ಯೋಚಿಸುವ ಕೆಲಸವೇ ಇಲ್ಲ. “ಇಳೀರಿ.” ದೇವರ ಹೆಸರನ್ನೂ ಅಷ್ಟು ಸಲ ಹೇಳಿಲ್ಲ, ಗಂಡನನ್ನೂ ಅಷ್ಟು ಸಲ ಬೈದಿಲ್ಲ. ತಿಪಟೂರಿನಿಂದ ಆಚೆ, ಹೆದ್ದಾರಿ ಪಕ್ಕದ ಒಂದು ಬಂಕಿನಲ್ಲಿ ವಾಹನಗಳಿಗೆ ಸಿಎನ್‌ಜಿ ಗ್ಯಾಸ್ ತುಂಬುವುದು ನನ್ನ ಕೆಲಸವಾಗಿತ್ತು. ಅಲ್ಲಿ ಗ್ಯಾಸ್ ಪಂಪು ಹೊಸದಾಗಿ ಬಂದಾಗ ಪೆಟ್ರೋಲ್ ಹಾಕುವ ಗಂಡಸರೆಲ್ಲ ಅದರ ಹತ್ತಿರ ನಿಲ್ಲಲು ಹಿಂದೆ ಮುಂದೆ ನೋಡಿದರು. ಆಗ ಕಸ ಗುಡಿಸುತ್ತಾ, ಟೈರಿಗೆ ಗಾಳಿ ತುಂಬುತ್ತಾ ಇದ್ದ ನನ್ನ ಕಡೆ ತಿರುಗಿ ಮ್ಯಾನೇಜರ್, “ನೀನು ನಿಂತ್ಕೋತೀಯೇನಮ್ಮ?” ಅಂದರು. ನಿಂತುಕೊಂಡೆ. ಯಾರೋ ಹೆದರಿ ಬಿಟ್ಟ ಕೆಲಸ ಅಂದರೆ ನನಗೆ ಹುಮ್ಮಸ್ಸು ಜಾಸ್ತಿ. ಹುಟ್ಟುಗುಣ, ಏನು ಮಾಡೋದು.

ಪೆಟ್ರೋಲ್ ಹಾಕಿಸುವವರು ಕಾರಿನೊಳಗೇ ಕೂತು ಕಿಟಕಿಯಿಂದ ಕೈ ಚಾಚಿ ಹೊರಟುಹೋಗಬಹುದು. ಗ್ಯಾಸಿನದು ಹಾಗಲ್ಲ. ಕಣ್ಣಿಗೆ ಕಾಣದ ವಸ್ತುವನ್ನು ಅದುಮಿ ಅದುಮಿ ಸಿಲಿಂಡರಿನೊಳಗೆ ತುರುಕುತ್ತೇವೆ. ಲಾರಿ ಟೈರಿಗೆ ತುಂಬುವ ಗಾಳಿ ಅದರ ಮುಂದೆ ಏನೂ ಅಲ್ಲ, ಅಷ್ಟು ಒತ್ತಡ. ಆ ಸಿಲಿಂಡರ್ ಆಟೋದಲ್ಲಾದರೆ ಸೀಟಿನ ಕೆಳಗಿರುತ್ತದೆ, ಕಾರಿನಲ್ಲಾದರೆ ಡಿಕ್ಕಿಯಲ್ಲಿ, ಅಂದರೆ ಹಿಂದೆ ಕೂತವರ ಬೆನ್ನಿಗೇ. ಅದಕ್ಕೇ ಇಂಜಿನ್ ಆರಿಸಿ, ಎಲ್ಲರೂ ಇಳಿದು, ಅಷ್ಟು ದೂರ ಹೋಗಿ ನಿಂತ ಮೇಲೆ ತುಂಬಬೇಕು. ಮಗುವಾದರೂ ಅಷ್ಟೇ, ಮುದುಕರಾದರೂ ಅಷ್ಟೇ.

ಹೇಳುವುದು ಸುಲಭ. ನಮ್ಮ ಕಡೆ ಜನ ಬಸ್ಸಿನಿಂದ ಬೇಕಾದರೆ ನೂಕಿಸಿಕೊಂಡು ಇಳಿದಾರು, ಸ್ವಂತ ಗಾಡಿಯಿಂದ ಇಳೀರಿ ಅಂದರೆ ಮುಖ ಗಂಟಿಕ್ಕುತ್ತಾರೆ. “ನಾನೇನ್ ಬೀಡಿ ಸೇದ್ತಾ ಇದ್ದೀನಾ?” ಅನ್ನುವವರು ಕೆಲವರು. “ಬಿಸ್ಲು ಕಣಮ್ಮ, ಒಂಚೂರು ನೋಡ್ಕಂಡು ಮಾಡು” ಅನ್ನುವವರು ಕೆಲವರು. ಹುಳಿಯಾರಿನಿಂದ ಕುರಿ ತುಂಬಿಕೊಂಡು ಬಂದ ಒಬ್ಬ, “ಕುರೀನೂ ಇಳಿಸ್ಬೇಕಾ?” ಅಂತ ಕೇಳಿದ. ತಮಾಷೆ ಮಾಡುತ್ತಿದ್ದಾನೋ ನಿಜವಾಗಿ ಕೇಳುತ್ತಿದ್ದಾನೋ ತಿಳಿಯದೆ, “ಅವು ನಿನಗಿಂತ ಮೊದ್ಲು ಇಳೀತಾವೆ ಬುಡು” ಅಂದೆ. ಬಾಣಂತಿಯನ್ನು ಇಳಿಸಿ, ಅವಳ ಕೂಸನ್ನು ನಮ್ಮ ಆಫೀಸಿನ ಫ್ಯಾನಿನ ಕೆಳಗೆ ಮಲಗಿಸಿದ್ದೇನೆ. ಒಂದು ಸಲ ಮದುವೆ ಹೆಣ್ಣನ್ನೂ ಇಳಿಸಿದೆ. ತವರಿನಿಂದ ಹೊರಟ ಹೆಣ್ಣು ಗಂಡನ ಮನೆ ಬಾಗಿಲಲ್ಲೇ ಕಾಲು ಕೆಳಗಿಡಬೇಕು, ಬಂಕಿನಲ್ಲಿ ಇಟ್ಟರೆ ಏನು ಶಾಸ್ತ್ರ ಅಂತ ಅವಳ ಸೋದರತ್ತೆ ನನ್ನ ಮೇಲೆ ಹರಿಹಾಯ್ದಳು. ಹೆಣ್ಣು ಮಾತ್ರ ಸೆರಗು ಎತ್ತಿ ಕಟ್ಟಿಕೊಂಡು ಇಳಿದು, “ಬೆಳಿಗ್ಗೆಯಿಂದ ಕೂತು ಕಾಲು ಜೋಮು ಹಿಡಿದಿತ್ತು ಕಣಕ್ಕ” ಅಂತ ನಕ್ಕಿತು. ಇಷ್ಟೆಲ್ಲ ಆದಮೇಲೆ ಆಟೋದವರು ನನಗೆ ಇಳೀರಿ ಅಕ್ಕ ಅಂತಲೇ ಹೆಸರಿಟ್ಟರು. ಇಟ್ಟುಕೊಳ್ಳಲಿ.

ಇದನ್ನು ಬರಿಯ ರೂಲ್ಸು ಅಂತ ನಾನು ಹಿಡಿದುಕೊಂಡಿರಲಿಲ್ಲ. ರೂಲ್ಸು ಗೋಡೆ ಮೇಲೆ ಬೋರ್ಡಿನಲ್ಲಿ ಇತ್ತು, ಅದನ್ನು ಓದುವವರು ಯಾರೂ ಇರಲಿಲ್ಲ. ನಾನು ಹಿಡಿದುಕೊಂಡದ್ದು ಮಾಯಸಂದ್ರದ ಕಡೆಯ ಒಂದು ಆಟೋ ಬಂದ ದಿನದಿಂದ. ನಮ್ಮ ಸೀಮೆಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಬಾಗಿಲು ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ನು ಬಿಗಿಯಾದರೆ ಕೊಬ್ಬರಿ ಎಣ್ಣೆ, ಕೂಸಿಗೆ ಹೊಟ್ಟೆ ನುಲಿದರೆ ಹೊಕ್ಕುಳಿಗೆ ಕೊಬ್ಬರಿ ಎಣ್ಣೆ. ಆ ಆಟೋದವನಿಗೆ ಗ್ಯಾಸ್ ತುಂಬುವ ಬಾಯಿ ಸ್ವಲ್ಪ ಬಿಗಿ ಬರುತ್ತಿದೆ ಅನ್ನಿಸಿದೆ. ಸರಿ, ಮನೆಯಲ್ಲಿದ್ದ ಎಣ್ಣೆಯನ್ನು ಬೆರಳಲ್ಲಿ ಅದ್ದಿ ಒಳಗೆಲ್ಲ ಸವರಿದ್ದಾನೆ. ದಿನವೂ ತೆಂಗಿನ ನಾರು ಹೇರುವ ಆಟೋ. ಎಣ್ಣೆ ಇದ್ದ ಕಡೆ ನಾರಿನ ದೂಳು ಹೋಗಿ ಕೂತಿದೆ.

ಅವತ್ತು ಆಟೋದ ಹಿಂದಿನ ಸೀಟಿನಲ್ಲಿ ಒಂದು ಅಜ್ಜಿ ಕೂತಿತ್ತು, ತೊಡೆ ಮೇಲೆ ಪೊರಕೆ ಕಟ್ಟುಗಳು. ಇಳಿಯಜ್ಜಿ ಅಂದರೆ ನನ್ನ ಹುಟ್ಟಿದ ಘಳಿಗೆಯನ್ನೇ ಬೈಯುತ್ತಾ ಇಳಿದು, ಅಷ್ಟು ದೂರ ಹೋಗಿ ಕಲ್ಲಿನ ಮೇಲೆ ಕೂತುಕೊಂಡಿತು. ನಾನು ಪೈಪಿನ ಮೂತಿ ಸಿಕ್ಕಿಸಿ ಹಿಡಿ ತಿರುಗಿಸಿದೆ. ಮೀಟರಿನ ಮುಳ್ಳು ಅರ್ಧ ಏರಿರಬೇಕು, ಒಂದು ಸೀಟಿ ಹೊಡೆಯಿತು ನೋಡಿ, ಕಿವಿ ಹರಿದುಹೋಗುವಂಥ ಸೀಟಿ. ಒಳಗಿನ ರಬ್ಬರ್ ರಿಂಗು ಕಿತ್ತುಹೋಗಿ ಗ್ಯಾಸೆಲ್ಲ ಆಟೋದ ಸೀಟಿನ ಕಡೆಗೇ ನುಗ್ಗಿತು. ಅಜ್ಜಿ ಕೂತಿದ್ದ ಜಾಗದಲ್ಲಿ ಬಿಳಿಯ ಹೊಗೆ ಕವಿಯಿತು. ಜೀವ ಬಾಯಿಗೆ ಬಂತು. ಹೇಗೆ ವಾಲ್ವು ತಿರುಗಿಸಿದೆನೋ, ಹೇಗೆ ಪಂಪು ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆನೋ, ಎಲ್ಲ ಕೈಯೇ ಮಾಡಿತು, ತಲೆ ಅಲ್ಲಿರಲಿಲ್ಲ. ಒಂದು ಕಿಡಿ ಇದ್ದಿದ್ದರೆ ಸಾಕಿತ್ತು. ಎಲ್ಲ ಅಡಗಿದ ಮೇಲೆ ಅಜ್ಜಿ ಬಂದು ನನ್ನ ಗಲ್ಲ ಸವರಿ, “ನಿನ್ ಬಾಯಿ ಜೋರಾಗಿದ್ದಿದ್ದು ಒಳ್ಳೇದಾಯ್ತು ಕಣವ್ವ” ಅಂದಿತು.

ನನ್ನ ಗಂಡ ಗ್ಯಾಸ್ ಗಾಡಿಗಳ ಸರ್ವಿಸ್ ಮಾಡುವ ಶೆಡ್ಡಿನಲ್ಲಿ ಮೆಕ್ಯಾನಿಕ್. ಆಟೋವನ್ನು ತಳ್ಳಿಕೊಂಡು ಅಲ್ಲಿಗೇ ಕಳಿಸಿದೆವು. ಅವನು ಸಣ್ಣ ಕೊಕ್ಕೆಯಲ್ಲಿ ರಿಂಗಿನ ಚೂರನ್ನು ಎಳೆದು ಅಂಗೈ ಮೇಲೆ ಇಟ್ಟುಕೊಂಡರೆ, ಎಣ್ಣೆ ಜಿಡ್ಡಿಗೆ ನಾರಿನ ಎಳೆಗಳು ಮೆತ್ತಿಕೊಂಡು ರಬ್ಬರನ್ನು ಗೀರಿ ಹಾಕಿದ್ದವು. ಹೊಸ ರಿಂಗು ಹಾಕಿ, ಸೋಪಿನ ನೀರು ಬಿಟ್ಟು, ಎಲ್ಲೂ ಗುಳ್ಳೆ ಏಳಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಆಟೋದವನ ತಲೆ ಮುಟ್ಟಿ ನೋಡಿದ. “ಇಲ್ಲಿ ಒಣಗೋಗೈತಲ್ಲಪ್ಪ, ಎಣ್ಣೆ ಎಲ್ಲಾ ವಾಲ್ವಿಗೇ ಸುರಿದುಬುಟ್ಯಾ?” ಅಂದ. ಆಟೋದವನೂ ನಕ್ಕ. ನನಗೆ ನಗು ಬರಲಿಲ್ಲ. ಆ ಬಿಳಿ ಹೊಗೆ ಎಷ್ಟೋ ದಿನ ಕಣ್ಣಿಗೆ ಕಟ್ಟಿದಂತೆಯೇ ಇತ್ತು. ಅವತ್ತಿನಿಂದ ನನ್ನ ಪಂಪಿನ ಮುಂದೆ ಯಾರೇ ಬರಲಿ, ಅವರು ಇಳಿಯದೆ ನಾನು ಪೈಪು ಮುಟ್ಟುತ್ತಿರಲಿಲ್ಲ.

ಇಷ್ಟು ಹಟ ಹಿಡಿಯುವ ಕೆಲಸ ನನಗೆ ಎಷ್ಟು ಮುಖ್ಯವಾಗಿತ್ತು ಅಂತಲೂ ಹೇಳಬೇಕು. ಅದಕ್ಕೆ ಮೊದಲು ನಾನು ಕೊಬ್ಬರಿ ಶೆಡ್ಡುಗಳಲ್ಲಿ ಚಿಪ್ಪು ಒಡೆಯಲು ಕೂರುತ್ತಿದ್ದೆ. ಅಟ್ಟದ ಮೇಲೆ ವರ್ಷವೆಲ್ಲ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಲ್ಲಿ ತಟ್ಟಿ, ಉಂಡೆ ಕೊಬ್ಬರಿಯನ್ನು ಒಡೆಯದ ಹಾಗೆ ಬಿಡಿಸಬೇಕು. ಏಟು ಜಾಸ್ತಿಯಾಗಿ ಉಂಡೆ ಬಿರಿದರೆ ಬೈಗುಳ, ಏಟು ತಪ್ಪಿದರೆ ಬೆರಳು. ಕರೆದ ದಿನ ಕೆಲಸ, ಕರೆಯದಿದ್ದರೆ ಇಲ್ಲ. ಬಂಕಿಗೆ ಬಂದ ಮೇಲೆ ಒಂದು ಯೂನಿಫಾರ್ಮು, ಕಾಲಿಗೆ ಬೂಟು, ತಿಂಗಳಾದರೆ ನನ್ನ ಹೆಸರಿಗೇ ಬರುವ ಸಂಬಳ. ಆ ಸಂಬಳದಲ್ಲೇ ಹಳೆಯದೊಂದು ಸ್ಕೂಟರು ತಗೊಂಡೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ನಾನು ಹೇಳಿದ ಮಾತು ನಡೆಯುತ್ತಿತ್ತು. ಬಾಯಿದ್ದೂ ಇಲ್ಲದವಳ ಹಾಗೆ ಬೆಳೆದವಳಿಗೆ ಅದು ಎಂಥ ಸುಖ ಅಂತ, ಬಾಯಿ ಇದ್ದವರಿಗೆ ಗೊತ್ತಾಗುವುದಿಲ್ಲ.

ಹೀಗಿರುವಾಗ ಯಜಮಾನರ ಕಾರು ಬಂತು.

ಯಜಮಾನರು ಅಂದರೆ ನನ್ನ ತವರೂರಿನ ದೊಡ್ಡಮನೆಯವರು. ತುರುವೇಕೆರೆ ರಸ್ತೆಯಿಂದ ನಮ್ಮ ಹಳ್ಳಿಗೆ ತಿರುಗಿದರೆ ಊರ ಬಾಗಿಲಲ್ಲೇ ಅವರ ಮನೆ. ಸುತ್ತ ಕಣ್ಣು ಹಾಯುವಷ್ಟು ತೆಂಗಿನ ತೋಟ, ಪೇಟೆಯಲ್ಲಿ ಕೊಬ್ಬರಿ ಮಂಡಿ. ನಮ್ಮ ಬಂಕ್ ನಿಂತಿದ್ದ ಜಾಗವೂ ಅವರದೇ, ಬಂಕಿನ ಮಾಲೀಕರು ಬಾಡಿಗೆಗೆ ಹಿಡಿದಿದ್ದರು. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ತೆಗೆದಿರಲಿಲ್ಲ. ಡ್ರೈವರ್ ಇಂಜಿನ್ ಆರಿಸಿ ಇಳಿದು ದೂರ ನಿಂತ. ಯಜಮಾನರು ಹಿಂದಿನ ಸೀಟಿನಲ್ಲಿ ಹಾಗೇ ಕೂತಿದ್ದರು.

“ಇಳೀರಿ ಯಜಮಾನ್ರೇ,” ಅಂದೆ.

“ಅವ್ನು ಇಳಿದ್ನಲ್ಲ,” ಅಂತ ಡ್ರೈವರ್ ಕಡೆ ಗಲ್ಲ ತೋರಿಸಿದರು.

“ನೀವೂ ಇಳೀಬೇಕು. ಸಿಲಿಂಡ್ರು ನಿಮ್ ಬೆನ್ ಹಿಂದ್ಲೇ ಐತೆ.”

ಆಗ ಮೊದಲ ಸಲ ನನ್ನ ಮುಖ ನೋಡಿದರು. “ಯಾರ ಮಗಳು ನೀನು?”

ಹೇಳಿದೆ. ಅಪ್ಪನ ಹೆಸರು ಕೇಳಿದ್ದೇ ತಡ, ಅವರ ಮುಖದಲ್ಲಿ ಒಂದು ನಗು ಬಂತು. ಒಳ್ಳೆಯ ನಗುವಲ್ಲ. “ಓಹೋ. ನಮ್ಮಂಗಳದಾಗೆ ಕಾಯಿ ಸುಲೀತಿದ್ನಲ್ಲ, ಅವ್ನ ಮಗಳಾ? ನಿಮ್ಮಪ್ಪ ಇವತ್ತಿಗೂ ನಮ್ಮನೆ ಮುಂದೆ ಸೈಕಲ್ ಇಳಿದು ತಳ್ಕಂಡ್ ಹೋಗ್ತಾನೆ. ಅವ್ನ ಮಗಳು ನೀನು ನಂಗೆ ಇಳಿ ಅಂತೀಯಾ?”

ಸಾಲಿನಲ್ಲಿ ನಿಂತ ಆಟೋದವರೆಲ್ಲ ಕೇಳಿಸಿಕೊಂಡರು. ಯಜಮಾನರು ಹೇಳಿದ್ದು ಸುಳ್ಳಲ್ಲ. ನಮ್ಮೂರಲ್ಲಿ ಆ ಮನೆ ಮುಂದೆ ನಮ್ಮಂಥವರು ಸೈಕಲ್ ಮೇಲೆ ಕೂತು ಹೋಗುವ ಹಾಗಿರಲಿಲ್ಲ. ಗೇಟಿನ ಈಚೆ ಇಳಿದು, ಆಚೆ ಗೋಡೆ ಮುಗಿಯುವ ತನಕ ತಳ್ಳಿಕೊಂಡು ಹೋಗಿ, ಮತ್ತೆ ಹತ್ತಬೇಕು. ಈಗಿನ ಹುಡುಗರು ಬೈಕಿನಲ್ಲಿ ಬುರ್ರೆಂದು ಹೋಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಅಪ್ಪನ ವಯಸ್ಸಿನವರ ಕಾಲು ಮಾತ್ರ ಇವತ್ತಿಗೂ ತಾನಾಗಿಯೇ ಕೆಳಗೆ ಬರುತ್ತದೆ. ಚಿಕ್ಕವಳಿದ್ದಾಗ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತಿದ್ದ ನನ್ನನ್ನೂ ಅಪ್ಪ ಅಲ್ಲಿ ಇಳಿಸಿ ನಡೆಸುತ್ತಿದ್ದ. ಬೇರೆ ಎಲ್ಲೂ ಇಳಿಸುತ್ತಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ. “ನಾನು ಇಳಿ ಅನ್ಲಿಲ್ಲ ಯಜಮಾನ್ರೇ, ಇಳೀರಿ ಅಂದೆ. ಇಳಿದ್ರೆ ತುಂಬ್ತೀನಿ,” ಅಂದು ಪೈಪನ್ನು ಅದರ ಕೊಂಡಿಗೆ ನೇತು ಹಾಕಿ ಕೈಕಟ್ಟಿ ನಿಂತೆ.

ಮ್ಯಾನೇಜರ್ ಆಫೀಸಿನಿಂದ ಓಡಿ ಬಂದರು. ಅವರು ಕೆಟ್ಟವರಲ್ಲ, ಭಯಸ್ಥರು. ಯಜಮಾನರಿಗೆ ಕೈ ಮುಗಿದರು, ನನಗೆ ಕಣ್ಣು ಬಿಟ್ಟರು, ಪೈಪನ್ನು ತಾವೇ ತೆಗೆದುಕೊಂಡರು. ಯಜಮಾನರು ಕೂತಲ್ಲೇ ಕೂತಿರುವಾಗಲೇ ಗ್ಯಾಸ್ ತುಂಬಿದರು. ಮುಳ್ಳು ಏರುತ್ತಿದ್ದಷ್ಟು ಹೊತ್ತೂ ಮ್ಯಾನೇಜರ್ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನೂ ಉಸಿರು ಹಿಡಿದಿದ್ದೆ. ಏನೂ ಆಗಲಿಲ್ಲ. ತುಂಬಿತು, ಪುಸ್ ಎಂದಿತು, ಪೈಪು ಹೊರಗೆ ಬಂತು. ಯಜಮಾನರು ಕಿಟಕಿಯ ಗಾಜು ಇಳಿಸಿ, “ನೋಡ್ದಾ? ಏನಾಯ್ತು?” ಅಂತ ಕೇಳಿದರು.

“ಏನೂ ಆಗ್ಲಿಲ್ಲ. ಆಗೋ ದಿನ ಹೇಳ್ ಬರಲ್ಲ,” ಅಂದೆ.

ಕಾರು ಹೋಯಿತು. ಹಿಂದಿನ ಆಟೋದಲ್ಲಿ ಕೂತಿದ್ದವನಿಗೆ ಇಳಿಯಪ್ಪ ಅಂದರೆ, “ಅವ್ರು ಇಳೀಲಿಲ್ಲ, ನಾನ್ ಯಾಕ್ ಇಳೀಲಿ?” ಅಂದ. ಅವನ ಹಿಂದಿನ ಕಾರಿನವರೂ ಅದೇ ರಾಗ. ನಾನು ಯಾರಿಗೂ ತುಂಬಲಿಲ್ಲ. ಸಾಲು ರಸ್ತೆಯ ತನಕ ಬೆಳೆಯಿತು, ಹಾರನ್ನೋ ಹಾರನ್ನು. ಕೊನೆಗೆ ಒಬ್ಬ ಹಳೆಯ ಗಿರಾಕಿ, ಎಳನೀರು ಹೇರುವ ಆಟೋದವನು, ಬೈದುಕೊಂಡೇ ಕೆಳಗಿಳಿದ. “ನಮ್ ಜೀವ ಏನ್ ಅಗ್ಗಕ್ ಬಂದೈತಾ? ಇಳೀರ್ಲಾ, ಆಕೆ ಹೇಳ್ತಾವ್ಳೆ,” ಅಂತ ಉಳಿದವರ ಮೇಲೆ ಕೂಗಾಡಿದ. ಒಬ್ಬೊಬ್ಬರೇ ಇಳಿದರು. ಆ ಮಾತು ಕೇಳಿ ನನಗೆ ಅಳು ಬಂದುಬಿಟ್ಟಿತು, ತಲೆ ಬಗ್ಗಿಸಿಕೊಂಡು ತುಂಬುತ್ತಾ ಹೋದೆ.

ಸೇಡು ತೀರಿಸಿಕೊಂಡಳು ಅಂತ ಆಮೇಲೆ ಎಷ್ಟೋ ಜನ ಅಂದರು. ಅಪ್ಪನ ಸೈಕಲ್ಲಿನ ಲೆಕ್ಕ ಮಗಳು ಚುಕ್ತಾ ಮಾಡಿದಳಂತೆ. ಅದಕ್ಕಲ್ಲ. ಆ ಜಾಗದಲ್ಲಿ ಯಾರು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಇಳೀರಿ ಯಜಮಾನ್ರೇ ಅಂದಾಗ ನಾಲಗೆಗೆ ಬೆಲ್ಲ ತಿಂದಂತಾಯಿತು. ಖುಷಿ ಆಯಿತು. ಏನೀಗ?

ಸಂಜೆ ಮ್ಯಾನೇಜರ್ ನನ್ನನ್ನು ಆಫೀಸಿಗೆ ಕರೆದು, ಕುರ್ಚಿ ಕೊಟ್ಟು, ಟೀ ತರಿಸಿದರು. ಟೀ ತರಿಸಿದರೆಂದರೆ ಕೆಟ್ಟ ಸುದ್ದಿ ಅಂತ ನನಗೆ ಗೊತ್ತಾಯಿತು. ಬಂಕಿನ ಜಾಗದ ಕರಾರು ಮುಗಿಯುತ್ತಾ ಬಂದಿದೆ, ಹೊಸದು ಆಗಬೇಕು. ಯಜಮಾನರು ಮಾಲೀಕರಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದಾರೆ. ಆ ಹೆಂಗಸು ನಮ್ಮ ಮನೆಗೆ ಬಂದು, ಅಂಗಳದಲ್ಲಿ ನಿಂತು ತಪ್ಪಾಯಿತು ಅನ್ನಬೇಕು. ಇಲ್ಲವೇ ನಮ್ಮ ಜಾಗದಲ್ಲಿ ಅವಳು ಕಾಣಬಾರದು.

“ನಾನು ಹೇಳಿದ್ದು ತಪ್ಪು ಅಂತ ನೀವು ಹೇಳಿ ಸಾರ್, ಈಗ್ಲೇ ಹೋಗಿ ತಪ್ಪಾಯ್ತು ಅಂತೀನಿ,” ಅಂದೆ.

ಅವರು ಗೋಡೆಯ ಬೋರ್ಡು ನೋಡಿದರು. “ತಪ್ಪಲ್ಲಮ್ಮ. ತಪ್ಪು ಅಂತ ಯಾರಂದ್ರು? ಬಾಯಿ ಮಾತಿಗೆ ಒಂದ್ಸಲ ಅಂದ್ಬುಟ್ಟು ಬಾ.”

“ತಪ್ಪಲ್ದೆ ಇದ್ಮೇಲೆ ಯಾತಕ್ ಅನ್ಲಿ ಸಾರ್?”

ಟೀ ತಣ್ಣಗಾಗುತ್ತೆ ಕುಡಿ ಅಂದರು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಕೈಗೆ ಮೆತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಾ ಕೇಳಿದ. “ನೀನ್ ಹೋಗಿ ಕ್ಷಮೆ ಕೇಳಲ್ಲ, ನಂಗ್ ಗೊತ್ತು. ಕೇಳು ಅಂತ ನಾನೂ ಹೇಳಲ್ಲ. ಆದ್ರೆ ಕೆಲ್ಸ ಹೋದ್ರೆ ಮನೇಲಿ ಕೂತು ನಂಗೆ ಇಳೀರಿ ಇಳೀರಿ ಅನ್ಬೇಡ ಕಣೇ, ಮಂಚದ ಮೇಲಿಂದ,” ಅಂದ. ನಗಿಸಲು ನೋಡಿದ. ನಕ್ಕೆ ಕೂಡ. ಆದರೆ ಮತ್ತೆ ಕೊಬ್ಬರಿ ಶೆಡ್ಡಿಗೆ ಹೋಗಿ, ಇವತ್ತು ಕೆಲಸ ಉಂಟಾ ಅಂತ ಬಾಗಿಲಲ್ಲಿ ನಿಲ್ಲುವುದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತಿತ್ತು.

ಮಾರನೆಯ ಬೆಳಿಗ್ಗೆ ಅಪ್ಪ ಬಂದ. ಊರಲ್ಲಿ ಟೀ ಅಂಗಡಿಯಲ್ಲಿ ಸುದ್ದಿ ಕೇಳಿ, ಮೊದಲನೇ ಬಸ್ಸು ಹತ್ತಿದ್ದ. ಅಪ್ಪ ಜೀವಮಾನವೆಲ್ಲ ದೊಡ್ಡಮನೆಯ ಅಂಗಳದಲ್ಲಿ ಹಾರೆಯ ಮೊನೆಗೆ ಕಾಯಿ ಕುಕ್ಕಿ ಸಿಪ್ಪೆ ಸುಲಿದವನು. ಅಂಗೈ ಕಲ್ಲಾಗಿದೆ. ಜಗಲಿ ಮೇಲೆ ಕೂತು, ಕೊಟ್ಟ ಕಾಫಿ ಮುಟ್ಟದೆ, “ಒಂದ್ ಮಾತು ಅಂದ್ಬುಡು ಕಣ್ ಮಗ. ಬಾಯಿ ಸವ್ದೋಗ್ತದಾ? ಇಷ್ಟು ದಿನ ನಾವು ಅವ್ರನ್ನ ಎದುರು ಹಾಕ್ಕಂಡೋರಲ್ಲ,” ಅಂದ.

“ನಾನು ಎದುರು ಹಾಕ್ಕಂಡಿಲ್ಲಪ್ಪ. ಇಳೀರಿ ಅಂದೆ ಅಷ್ಟೇ.”

“ಅದೇ ಎದುರು ಹಾಕ್ಕಳಾದು,” ಅಂದ ಅಪ್ಪ. “ನೀನ್ ಹೋಗ್ದಿದ್ರೆ ನಾನೇ ಹೋಗಿ ಕೈ ಮುಗಿದು ಬತ್ತೀನಿ.”

ಆ ಮಾತು ನನ್ನನ್ನು ಎಬ್ಬಿಸಿತು. ನನ್ನ ಮಾತಿಗೆ ಅಪ್ಪ ಹೋಗಿ ಕೈ ಮುಗಿಯುವುದೇ? ಸಾಯುವ ತನಕ ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿರುತ್ತಿತ್ತು. “ನಡಿ, ಇಬ್ರೂ ಹೋಗನ,” ಅಂದೆ. ಅಲ್ಲಿ ಏನು ಹೇಳುತ್ತೇನೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಂಕಿನ ಯೂನಿಫಾರ್ಮನ್ನೇ ಹಾಕಿಕೊಂಡು ಸ್ಕೂಟರ್ ತೆಗೆದೆ. ಅಪ್ಪ ಹಿಂದೆ ಕೂತ.

ದಾರಿಯಲ್ಲಿ ಒಂದೆರಡು ಕಡೆ ಗುಂಡಿ ಬಂದಾಗ ಅಪ್ಪ ನಿಧಾನ ಕಣವ್ವ ಅಂದ, ಅಷ್ಟೇ. ದೊಡ್ಡಮನೆಯ ಗೋಡೆ ಶುರುವಾಗುತ್ತಿದ್ದಂತೆ ಸ್ಕೂಟರಿನ ಹಿಂಭಾಗ ಇದ್ದಕ್ಕಿದ್ದಂತೆ ಹಗುರವಾಯಿತು. ತಿರುಗಿ ನೋಡಿದರೆ, ಓಡುತ್ತಿದ್ದ ಸ್ಕೂಟರಿನಿಂದಲೇ ಕಾಲು ನೆಲಕ್ಕೆ ಕೊಟ್ಟು ಅಪ್ಪ ಇಳಿದುಬಿಟ್ಟಿದ್ದ. ಮುಗ್ಗರಿಸಿ ಬೀಳುವುದರಲ್ಲಿದ್ದ. “ಇಳಿಯವ್ವ, ಇಳಿ ಇಲ್ಲಿ,” ಅಂತ ಗಾಬರಿಯಲ್ಲಿ ಕೈಸನ್ನೆ ಮಾಡಿದ. ತಲೆಗೆ ಸುತ್ತಿದ್ದ ಟವೆಲ್ ಆಗಲೇ ಕಂಕುಳಿಗೆ ಹೋಗಿತ್ತು, ಚಪ್ಪಲಿ ಕೈಗೆ ಬಂದಿತ್ತು.

ನಾನು ಇಳಿಯಲಿಲ್ಲ. ಸ್ಕೂಟರನ್ನು ನಡಿಗೆಯ ವೇಗಕ್ಕೆ ಇಳಿಸಿ, ಕೂತೇ ಹೋದೆ. ಅಪ್ಪ ಬರಿಗಾಲಲ್ಲಿ ಪಕ್ಕದಲ್ಲಿ ನಡೆದು ಬಂದ. ಹಾಗೇ ಗೇಟಿನೊಳಗೆ ಹೋಗಿ, ಅಂಗಳದಲ್ಲಿ ರಾಶಿ ಹಾಕಿದ್ದ ಕಾಯಿಗಳನ್ನು ಬಳಸಿಕೊಂಡು, ಜಗಲಿಯ ಮುಂದೆ ನಿಲ್ಲಿಸಿ, ಆಮೇಲೆ ಇಳಿದೆ. ಒಬ್ಬರ ಮನೆಗೆ ಬಂದ ಮೇಲೆ ಇಳಿಯಲೇಬೇಕಲ್ಲ, ಅದರಲ್ಲಿ ನನಗೇನೂ ತಕರಾರಿಲ್ಲ.

ಯಜಮಾನರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಕಾಫಿ ಲೋಟ. ಸ್ಕೂಟರ್ ಒಳಗೆ ಬಂದದ್ದನ್ನು ನೋಡಿದ್ದರು, ಮುಖ ಬ್ಯಾಡಗಿ ಮೆಣಸಿನಕಾಯಿಯಾಗಿತ್ತು. ಬಾಗಿಲ ಒಳಗೆ ಆ ಮನೆಯ ಸೊಸೆಯಂದಿರು ನಿಂತದ್ದು ನೆರಳಿನಂತೆ ಕಾಣುತ್ತಿತ್ತು. ಅಪ್ಪ ಕೈ ಮುಗಿದು, “ಬುದ್ಧಿ,” ಅಂದ. ನಮ್ಮ ಕಡೆ ಹಿಂದಿನವರು ದೊಡ್ಡವರನ್ನು ಹಾಗೇ ಕರೆಯುವುದು.

“ಬಂದ್ಯಾ? ಹೇಳು,” ಅಂದರು ಯಜಮಾನರು ನನಗೆ.

ಬಂಕಿನಲ್ಲಿ ಹೇಳುವುದು ಬೇರೆ, ಆ ಅಂಗಳದಲ್ಲಿ ಹೇಳುವುದು ಬೇರೆ. “ತಪ್ಪಾಯ್ತು ಅನ್ನಕ್ಕೆ ಬಂದಿಲ್ಲ ಯಜಮಾನ್ರೇ,” ಅಂದೆ. “ಅನ್ನಲ್ಲ ಅನ್ನಾದನ್ನ ಫೋನಾಗೆ ಹೇಳಾಕಿಂತ ಮುಖ ನೋಡಿ ಹೇಳನ ಅಂತ ಬಂದೆ. ನಾಳೆ ನೀವು ಬಂದ್ರೂ ಇಳೀರಿ ಅಂತೀನಿ. ನಮ್ಮಪ್ಪ ಬಂದ್ರೂ ಅಂತೀನಿ. ನಿಮ್ ಮೊಮ್ಮಕ್ಳು ಕಾರ್ನಾಗಿದ್ರೆ ಅವ್ರನ್ನ ಎತ್ಕಂಡಾದ್ರೂ ಇಳಿಸ್ತೀನಿ.”

ಕಾಫಿ ಲೋಟ ಕೆಳಗಿಟ್ಟರು. “ಹಂಗಾದ್ರೆ ನಾಳೆಯಿಂದ ಆ ಜಾಗಕ್ಕೆ ಕಾಲಿಡ್ಬೇಡ.”

“ಸರಿ,” ಅಂದೆ. ಅಲ್ಲಿಗೆ ಆ ಕೆಲಸ ಮುಗಿಯಿತು. ಕೆಲವು ತಿಂಗಳು ಕಷ್ಟಪಟ್ಟ ಮೇಲೆ ಚಿಕ್ಕನಾಯಕನಹಳ್ಳಿ ಕಡೆ ಇನ್ನೊಂದು ಬಂಕಿನಲ್ಲಿ ನನಗೆ ಪೈಪು ಸಿಕ್ಕಿತು, ಈಗಲೂ ಅಲ್ಲೇ ಇದ್ದೇನೆ. ಆದರೆ ಆ ಘಳಿಗೆಯಲ್ಲಿ ಅದೆಲ್ಲ ಎಲ್ಲಿ ಗೊತ್ತಿತ್ತು? ಯೂನಿಫಾರ್ಮಿನ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಅಳಬಾರದು ಅಂತ ಹಲ್ಲು ಕಚ್ಚಿದ್ದೆ.

ಯಜಮಾನರು ಅಪ್ಪನ ಕಡೆ ತಿರುಗಿದರು. “ಏನ್ಲಾ, ಮಕ್ಳಿಗೆ ಇದೇನಾ ನೀನ್ ಕಲ್ಸಿರಾದು?”

ಅಪ್ಪ ತಲೆ ತಗ್ಗಿಸಿದ್ದ. ಈಗ ತಪ್ಪಾಯಿತು ಬುದ್ಧಿ ಅನ್ನುತ್ತಾನೆ ಅಂತ ನಾನು ಕಾದೆ. ಅಂದರೆ ಅವನನ್ನು ಹೇಗೆ ತಡೆಯುವುದು ಅಂತಲೂ ಯೋಚಿಸುತ್ತಿದ್ದೆ. ಅಪ್ಪ ಮಾತ್ರ ಕಾಯಿ ರಾಶಿಯ ಕಡೆ, ಅದರ ಪಕ್ಕ ನೆಟ್ಟಿದ್ದ ಹಾರೆಯ ಕಡೆ ನೋಡುತ್ತಾ ನಿಂತಿದ್ದ. ಆಮೇಲೆ ಜೋರೂ ಅಲ್ಲದ ಮೆಲ್ಲಗೂ ಅಲ್ಲದ ದನಿಯಲ್ಲಿ ಮಾತಾಡಿದ.

“ಅವ್ಳು ಇಳಿ ಅನ್ನಕ್ಕೆ ಒಂದು ಕಾರಣ ಐತೆ ಬುದ್ಧಿ. ಗ್ಯಾಸು, ಹೊತ್ಕಂಡ್ರೆ ಜೀವ ಹೋಗ್ತದೆ ಅಂತ. ನಾನು ಈ ಬಾಗ್ಲಾಗೆ ಮೀಸೆ ಮೂಡ್ದಾಗಿಂದ ಇಳೀತಾ ಇವ್ನಿ. ನಾನ್ ಯಾತಕ್ ಇಳೀಬೇಕಿತ್ತು, ಅದೊಂದ್ ಹೇಳ್ಬುಡಿ.”

ಯಜಮಾನರು ಕೆಳಗಿಟ್ಟ ಕಾಫಿ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಒಳಗಿನಿಂದ ಯಾರದೋ ಬಳೆ ಸದ್ದಾಯಿತು. ಅಪ್ಪ ಉತ್ತರಕ್ಕೆ ಕಾಯುವವನ ಹಾಗೆ ನಿಜವಾಗಿಯೂ ಕಾದ. ಅವನು ಅಣಕಿಸಲು ಕೇಳಿದ್ದಲ್ಲ, ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದ. ಯಾರೂ ಏನೂ ಹೇಳದಿದ್ದಾಗ, ಕೈಯಲ್ಲಿದ್ದ ಚಪ್ಪಲಿಗಳನ್ನು ಅಂಗಳದಲ್ಲೇ ನೆಲಕ್ಕೆ ಹಾಕಿ ಕಾಲಿಗೆ ಮೆಟ್ಟಿದ. ಟವೆಲ್ ಕೊಡವಿ ತಲೆಗೆ ಸುತ್ತಿದ.

ನಾನು ಸ್ಕೂಟರನ್ನು ಗೇಟಿನ ತನಕ ತಳ್ಳಿಕೊಂಡು ಹೋಗೋಣ, ಅಪ್ಪ ಆಚೆ ಹತ್ತಲಿ ಅಂದುಕೊಂಡು ಹಿಡಿಗೆ ಕೈ ಹಾಕಿದೆ.

“ತಳ್ಬೇಡ. ಹತ್ತು,” ಅಂದ.

ಹತ್ತಿದೆ. ಅಪ್ಪ ಜಗಲಿಯ ಎದುರಿಗೇ, ಯಜಮಾನರ ಕಣ್ಣ ಮುಂದೆಯೇ, ಪಂಚೆ ಎತ್ತಿ ಕಟ್ಟಿ ನನ್ನ ಹಿಂದೆ ಕೂತ. “ಓಡ್ಸು ಮಗ,” ಅಂದ. ಗೇಟು ದಾಟಿ, ಆ ಉದ್ದದ ಗೋಡೆ ಮುಗಿಯುವ ತನಕ ಅವನ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿತ್ತು. ಅಪ್ಪ ಇಳಿಯಲಿಲ್ಲ.